ಐದನೆಯ ಸೂಚನೆ

ಮಂಡಿಪೇಟೆಯ ಕಾಳಿನ ಅಂಗಡಿಯ ಮಹಡಿಯಲ್ಲಿ
ಹದಿನಾಲ್ಕು ತಗಡಿನ ಪೆಟ್ಟಿಗೆ.
ಮುಚ್ಚಿಹೋದ ಮಿಲ್ಲಿನ ಕಾಗದ.
ನಾಳೆ ಐದು ಜನ ಬರುತ್ತಾರೆ ಓದಿ ವಿಂಗಡಿಸಲು,
ಅವರಿಗೊಂದು ಸೂಚನೆಪಟ್ಟಿ ಬರಿ, ಎಂದರು ಹಾಲಪ್ಪ ವಕೀಲರು.
‘ಮಗು ಓದಿದರೂ ತಪ್ಪಬಾರದು,
ಜಡ್ಜು ಓದಿದರೂ ನಗಬಾರದು.’

ರಾತ್ರಿ ಕೂತೆ.
ಮುಖ್ಯವಾದ ಕಾಗದಗಳನ್ನು ಬೇರೆ ಇಡಿ, ಎಂದು ಬರೆದೆ.
ಹೊಡೆದುಹಾಕಿದೆ.
ಯಾರಿಗೆ ಮುಖ್ಯ?
ಮಿಲ್ಲಿಗೆ ಮುಖ್ಯವಾದದ್ದು ಕಬ್ಬಿಣದ ಬೀರುವಿನಲ್ಲಿತ್ತು,
ಅದು ನಮ್ಮ ಕೈಗೆ ಬಂದಿಲ್ಲ.
ಬಂದದ್ದು ಇಷ್ಟು: ಇಲಿ ಬಿಟ್ಟದ್ದು, ಗೆದ್ದಲು ಬಿಟ್ಟದ್ದು,
ಲೆಕ್ಕದವರು ಬಿಟ್ಟದ್ದು.

ಒಂದು: ಹಾಜರಿ ಪುಸ್ತಕಕ್ಕೆ ಹಸಿರು ಚೀಟಿ.
ಎರಡು: ಸಂಬಳದ ಪಟ್ಟಿಗೆ ಹಳದಿ.
ಹೆಸರು ಅರ್ಧ ಹರಿದಿದ್ದರೂ ಹಳದಿಯೇ,
ಉಳಿದರ್ಧ ಊಹಿಸಬೇಡಿ.
ಮೂರು: ವಕೀಲರಿಗೆ ಬರೆದ ಪತ್ರ ಕಂಡರೆ
ಓದದೆ ಮಡಚಿ ನನಗೆ ಕೊಡಿ.
ಓದದೆ ಹೇಗೆ ಗೊತ್ತಾಗ್ತದೆ ಅಕ್ಕಾ, ಎನ್ನುವ ಕೊಟ್ರಮ್ಮನ ದನಿ
ಈಗಲೇ ಕೇಳಿಸಿತು. ತಿದ್ದಿದೆ:
ಮೇಲಿನ ಎರಡೇ ಸಾಲು ಓದಿ.
ನಾಲ್ಕು: ಅನುಮಾನ ಬಂದರೆ ಕೇಳಿ.
ಕೇಳಲು ನಾಚಿಕೆಯಾದರೆ ಕೆಂಪು ಚೀಟಿ;
ಕೆಂಪಿಗೆ ಕಾರಣ ಬರೆಯಬೇಕಿಲ್ಲ.
ಐದು: ಖಾಲಿ ಹಾಳೆಗಳನ್ನು ಗೋಣಿಚೀಲಕ್ಕೆ ಹಾಕಿ.

ಐದನೆಯದು ನೋಡಿ ನನಗೇ ಹೆಮ್ಮೆ.
ಇಷ್ಟು ಚೊಕ್ಕ ವಾಕ್ಯ ನಮ್ಮ ಕೋರ್ಟಿನಲ್ಲಿ ಕಂಡಿಲ್ಲ.
ಅಲ್ಲಿ ವಾಕ್ಯವೊಂದು ‘ಸದರಿ’ ಎಂದು ಹೊರಟರೆ
‘ಮೇಲ್ಕಂಡ’ದಲ್ಲಿ ನೀರು ಕುಡಿದು
‘ತತ್ಸಂಬಂಧ’ದಲ್ಲಿ ದಾರಿ ತಪ್ಪಿ
ಮುಂದಿನ ವಾಯಿದೆಗೆ ಮನೆ ಸೇರುತ್ತದೆ.

ಬೆಳಿಗ್ಗೆ ಬಂದರು ಕೊಟ್ರಮ್ಮ, ಮುಬೀನಾ,
ಲಾ ಕಾಲೇಜಿನ ಇಬ್ಬರು ಹುಡುಗರು,
ಮತ್ತೆ ಸ್ಪಿನ್ನಿಂಗ್ ಖಾತೆಯಲ್ಲಿದ್ದ ಓಬಳಪ್ಪ.
ಓದು ನಿಧಾನ, ಆದರೆ ಮೇಸ್ತ್ರಿಗಳ ಕೈಬರಹವನ್ನು
ಮುಖ ನೋಡಿದಂತೆ ಗುರುತು ಹಿಡಿಯುತ್ತಾರೆ.
ಹಸಿರು, ಹಳದಿ, ಹಸಿರು.
ಮಂಡಕ್ಕಿ ತಿಂದ ಕೈಯಲ್ಲಿ ಕಾಗದ ಮುಟ್ಟಬೇಡಿ
ಎಂಬ ಆರನೆಯ ಸೂಚನೆ ಬಾಯಲ್ಲೇ ಹುಟ್ಟಿತು.
ಗೋಣಿಚೀಲ ಹೊಟ್ಟೆ ಉಬ್ಬಿಸಿಕೊಂಡು ಕೂತಿತು.

ಮೂರು ಗಂಟೆಗೆ ಮುಬೀನಾ
ಒಂದು ಹಾಳೆಯನ್ನು ಕಿಟಕಿಗೆ ಹಿಡಿದಳು.
‘ಅಕ್ಕಾ, ಇದು ಖಾಲಿನಾ?’
ಮೇಲಿಂದ ಕೆಳಗೆ ಬಿಳಿ.
ತೀರಾ ಕೆಳಗೆ, ಬಲಮೂಲೆಯಲ್ಲಿ
ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಟಿಕೆಟ್ ನಂಬರು.

ಓಬಳಪ್ಪ ಎದ್ದು ಬಂದರು.
‘ಬೋನಸ್ಸಿನ ದಿನ ಒತ್ತಿಸ್ಕಂತಿದ್ರು.
ಆಮೇಲೆ ಬರ್ಕಂತೀವಿ ಅಂತಿದ್ರು.
ನಂಗೆ ಸಹಿ ಬರ್ತತಿ ಅಂದೆ.
ಬ್ಯಾಡ, ಬೆರಳೇ ಸಾಕು ಅಂದ್ರು.’

ಚೀಲ ಸುರಿದೆವು.
ಬೆಳಿಗ್ಗೆಯಿಂದ ಎಸೆದ ನಾನೂರ ಹನ್ನೆರಡು ಹಾಳೆ.
ಒಂದೊಂದನ್ನೂ ತಿರುಗಿಸಿ, ಬೆಳಕಿಗೆ ಓರೆ ಹಿಡಿದು,
ಏನೂ ಇಲ್ಲದ್ದನ್ನು ಓದಿದೆವು.
ಅರವತ್ತೇಳರಲ್ಲಿ ಹೆಬ್ಬೆಟ್ಟು.
ಮಿಕ್ಕವು ನಿಜಕ್ಕೂ ಖಾಲಿ. ಹಾಗೆಂದು
ಆಣೆ ಮಾಡಲು ಈಗ ಯಾರಿಗೂ ಧೈರ್ಯವಿಲ್ಲ.

ಯಾರ ತಪ್ಪು ಎಂದು ಹಾಲಪ್ಪನವರು ಕೇಳಲಿಲ್ಲ.
ಸೂಚನೆಪಟ್ಟಿ ಗೋಡೆಯ ಮೇಲಿತ್ತು,
ಕೆಳಗೆ ನನ್ನ ಸಹಿ, ದುಂಡಗೆ.

ರಾತ್ರಿ ಮತ್ತೆ ಕೂತೆ.
ಐದು: ಖಾಲಿ ಎನಿಸಿದ ಹಾಳೆ... ಹೊಡೆದೆ.
ಐದು: ಏನೂ ಬರೆಯದ ಹಾಳೆ... ಹೊಡೆದೆ.
ಅಶೋಕ ರಸ್ತೆಯ ಗೇಟು ಬಿದ್ದು
ಗೂಡ್ಸು ಗಾಡಿ ಹೋಗುವಷ್ಟು ಹೊತ್ತೂ
ಪೆನ್ನು ಆ ಅಂಕಿಯ ಪಕ್ಕದಲ್ಲೇ ನಿಂತಿತ್ತು.

ಐದು: ಪ್ರತಿ ಹಾಳೆಯನ್ನೂ ಕೆಳತುದಿಯಿಂದ ನೋಡಲು ಶುರುಮಾಡಿ.
ಬಿಳಿ ಹಾಳೆಗೂ ಚೀಟಿ ಅಂಟಿಸಿ.

ಗೋಣಿಚೀಲ ಕೊಡವಿ ಮಡಚಿಟ್ಟೆ.
ಬೆಳಿಗ್ಗೆ ಕೆಳಗಿನ ಅಂಗಡಿಗೆ ವಾಪಸು,
ಮೆಕ್ಕೆಜೋಳ ತುಂಬಿಕೊಳ್ಳಲಿ.